ಟಂಟಂಗೆ ಕಟ್ಟಿದ ಪಂಪಿನ ಮೋಟರು

ಮೂವತ್ತೊಂದು ವರ್ಷ ನಾನು ವಿಜಯಪುರದ ಒಂದು ಪಾಲಿಟೆಕ್ನಿಕ್ಕಿನ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೆ. ಪಾಠ ಹೇಳುವುದು ಲೆಕ್ಚರರುಗಳ ಕೆಲಸ. ಅವರು ಹಲಗೆಯ ಮೇಲೆ ಬರೆದದ್ದು ನಿಜವಾಗಿಯೂ ತಿರುಗುತ್ತದೋ ಇಲ್ಲವೋ ಎಂದು ತೋರಿಸುವುದು ನನ್ನದು. ಮೋಟರು ಬಿಚ್ಚುವುದು, ಗ್ರೀಸು ಹಚ್ಚುವುದು, ಸುಟ್ಟ ಫ್ಯೂಸು ಬದಲಿಸುವುದು, ತಪಾಸಣೆಗೆ ಬಂದವರ ಮುಂದೆ ಸಾಮಾನಿನ ಪಟ್ಟಿ ಹಿಡಿದು ನಿಲ್ಲುವುದು, ಇಷ್ಟರಲ್ಲಿ ವಯಸ್ಸು ಹೋಯಿತು. ಈಗ ಬೆನ್ನು ನೋಯುತ್ತದೆ. ಬಲಗಿವಿ ಸ್ವಲ್ಪ ಮಂದ. ಅಷ್ಟು ವರ್ಷ ಮೋಟರಿನ ಗದ್ದಲದಲ್ಲಿ ನಿಂತದ್ದರ ಫಲ ಎಂದು ಡಾಕ್ಟರು ಹೇಳಿದರು. ಇರಬಹುದು.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆಂದು ನಾಲ್ಕು ಮಾತು ಬರೆಯಲು ಕುಳಿತಾಗ ಬಹಳ ದಿನ ಏನೂ ತೋಚಲಿಲ್ಲ. ಒಳ್ಳೆಯದೇನಾದರೂ ನೆನಪಾಗಲಿ ಎಂದು ಕಾದೆ. ನೆನಪಾದವೆಲ್ಲ ತಪ್ಪುಗಳೇ. ಅವನ್ನೇ ಬರೆಯುತ್ತೇನೆ. ಮಿಕ್ಕದ್ದನ್ನು ನೀವು ಪುಸ್ತಕದಲ್ಲಿ ಓದಿಕೊಳ್ಳಬಹುದು.

ನಾನು ಸೇರಿದ ಕಾಲಕ್ಕೆ ಎ.ಸಿ. ಮೋಟರಿಗೆ ಒಂದೇ ವೇಗ. ಕರೆಂಟು ಕೊಟ್ಟರೆ ನಿಮಿಷಕ್ಕೆ ಸಾವಿರದ ನಾನೂರು ಚಿಲ್ಲರೆ ಸುತ್ತು, ತೆಗೆದರೆ ನಿಲುಗಡೆ. ನಡುವೆ ಏನೂ ಇಲ್ಲ. ಬೇಕಾದ ಹಾಗೆ ವೇಗ ಏರಿಳಿಸಬೇಕೆಂದರೆ ಡಿ.ಸಿ. ಮೋಟರು ಬೇಕಿತ್ತು, ಅದರ ಬ್ರಷ್ಷು ಸವೆಯುತ್ತಿತ್ತು, ಕಿಡಿ ಹಾರುತ್ತಿತ್ತು. ಆಮೇಲೆ ಡ್ರೈವ್ ಎಂಬ ಡಬ್ಬಿ ಬಂತು. ಒಳಗೆ ಬಂದ ಎ.ಸಿ. ಕರೆಂಟನ್ನು ಅದು ಮೊದಲು ಡಿ.ಸಿ. ಮಾಡಿ ಕೆಪಾಸಿಟರಿನಲ್ಲಿ ತುಂಬಿಟ್ಟುಕೊಳ್ಳುತ್ತದೆ. ಆ ಸಂಗ್ರಹದಿಂದ ತನಗೆ ಬೇಕಾದ ಹೊಸ ಎ.ಸಿ.ಯನ್ನು ಕತ್ತರಿಸಿ ಮೋಟರಿಗೆ ಕೊಡುತ್ತದೆ. ಕರೆಂಟು ಸೆಕೆಂಡಿಗೆ ಐವತ್ತು ಸಲ ಅಲುಗಿದರೆ ಮೋಟರು ಪೂರ್ತಿ ವೇಗ, ಇಪ್ಪತ್ತೈದು ಸಲ ಅಲುಗಿದರೆ ಅರ್ಧ ವೇಗ. ವೇಗದ ಜೊತೆಗೆ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು, ಇಲ್ಲದಿದ್ದರೆ ಮೋಟರು ಕಾದು ಸುಡುತ್ತದೆ. ಇಷ್ಟು ತಿಳಿದರೆ ಮುಕ್ಕಾಲು ಪಾಲು ತಿಳಿದಂತೆ. ನನಗೆ ಕೈಕೊಟ್ಟದ್ದು ಉಳಿದ ಕಾಲು ಪಾಲು.

ನಮ್ಮ ಲ್ಯಾಬಿಗೆ ಮೊದಲ ಡ್ರೈವ್ ಬಂದಾಗ ವಿಭಾಗದ ಮುಖ್ಯಸ್ಥರು ದೇಸಾಯಿ ಸರ್. ಸಜ್ಜನರು, ಆದರೆ ಯಾವ ವಸ್ತುವೂ ತಮ್ಮ ಕಾಲದಲ್ಲಿ ಕೆಡಬಾರದು ಎಂಬುದೊಂದೇ ಅವರ ಆಸೆ. ಡಬ್ಬಿಯನ್ನು ರಟ್ಟಿನ ಪೆಟ್ಟಿಗೆ ಸಮೇತ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಎರಡು ವರ್ಷ ಅದು ಅಲ್ಲೇ ಇತ್ತು. ಹುಡುಗರು ಪರೀಕ್ಷೆಯಲ್ಲಿ ಅದರ ಚಿತ್ರ ಬರೆದು ಪಾಸಾದರು. ತಪಾಸಣೆಗೆ ಬಂದವರು ಒಮ್ಮೆ ಇದನ್ನು ನಡೆಸಿ ತೋರಿಸಿ ಎಂದಾಗ ಸರ್ ಕೀಲಿಯನ್ನು ನನ್ನ ಕೈಗಿಟ್ಟು, ನೀವೇ ನೋಡಿಕೊಳ್ಳಿ ಎಂದು ಹೊರಗೆ ಹೋದರು. ಅವತ್ತಿನಿಂದ ಡ್ರೈವ್ ನನ್ನ ಪಾಲಿಗೆ ಬಂತು. ಇದನ್ನು ಬಡ್ತಿ ಎನ್ನುವುದಾದರೆ ನನಗೆ ಸಿಕ್ಕ ಬಡ್ತಿ ಅದೊಂದೇ.

ಮೊದಲ ವಾರವೇ ಪೆಟ್ಟು ತಿಂದೆ. ಸ್ವಿಚ್ಚು ತೆಗೆದೆ, ದೀಪ ಆರಿತು, ಮುಚ್ಚಳ ಬಿಚ್ಚಿ ಸ್ಕ್ರೂಡ್ರೈವರ್ ಹಾಕಿದೆ. ಕೆಪಾಸಿಟರಿನಲ್ಲಿ ಕರೆಂಟು ಇನ್ನೂ ಕುಳಿತಿತ್ತು. ಪಟಾಕಿ ಸಿಡಿದಂತಾಗಿ ಸ್ಕ್ರೂಡ್ರೈವರಿನ ತುದಿ ಕರಗಿಹೋಯಿತು. ಕೈಗೆ ಏನೂ ಆಗಲಿಲ್ಲ, ಅದು ನನ್ನ ಪುಣ್ಯ. ಆಮೇಲೆ ಯಾವತ್ತೂ ಹತ್ತು ನಿಮಿಷ ಕಾಯದೆ, ಮೀಟರಿನಲ್ಲಿ ಸೊನ್ನೆ ನೋಡದೆ ಮುಚ್ಚಳ ಮುಟ್ಟಲಿಲ್ಲ. ಆದರೆ ಆ ಹೆದರಿಕೆ ಇನ್ನೊಂದು ರೀತಿಯಲ್ಲಿ ನನ್ನನ್ನು ಕೆಡಿಸಿತು. ಒಳಗಿನ ಡಿ.ಸಿ. ಟರ್ಮಿನಲ್ಲುಗಳನ್ನು ಕಂಡರೆ ಹಾವು ಕಂಡಂತೆ ದೂರ ಸರಿಯುವುದು ರೂಢಿಯಾಯಿತು. ಅದರ ಕಥೆ ಮುಂದೆ ಬರುತ್ತದೆ.

ನಡುವೆ ಸುತ್ತಲಿನ ಊರುಗಳಿಂದಲೂ ಜನ ಬಂದು ಕರೆಯತೊಡಗಿದರು. ಹೆಂಗಸು ಮೋಟರು ನೋಡುತ್ತಾಳಂತೆ ಎಂಬ ಕುತೂಹಲಕ್ಕೆ ಬಂದವರೂ ಇದ್ದರು. ಬಬಲೇಶ್ವರದ ಗಿರಣಿಯವರೊಬ್ಬರು ಖಾರ ಕುಟ್ಟುವ ಯಂತ್ರಕ್ಕೆ ಡ್ರೈವ್ ಹಾಕಿಸಿಕೊಂಡರು. ನಿಧಾನ ಕುಟ್ಟಿದರೆ ಖಾರದ ಬಣ್ಣ ಉಳಿಯುತ್ತದೆ ಎಂದು ಮೋಟರನ್ನು ಕಾಲು ವೇಗದಲ್ಲಿ ಮುಂಜಾನೆಯಿಂದ ಸಂಜೆವರೆಗೆ ಓಡಿಸಿದರು. ಮೂರನೆಯ ದಿನ ಅದು ಸುಟ್ಟಿತು. ಮೋಟರಿನ ಬಾಲಕ್ಕಿರುವ ಫ್ಯಾನು ಮೋಟರಿನ ಜೊತೆಗೇ ತಿರುಗುತ್ತದೆ. ಮೋಟರು ನಿಧಾನವಾದರೆ ಗಾಳಿಯೂ ನಿಧಾನ, ಕೆಲಸ ಮಾತ್ರ ಅಷ್ಟೇ. ನಾನು ಅದನ್ನು ಹೇಳಿರಲಿಲ್ಲ. ಅವರು ಕೇಳಿರಲೂ ಇಲ್ಲ. ಕೇಳದಿದ್ದರೂ ಹೇಳಬೇಕಾದ ಮಾತುಗಳಿರುತ್ತವೆ ಎಂದು ಆಗ ಅನ್ನಿಸಿತು, ಆದರೆ ಆ ಪಾಠ ನನ್ನಲ್ಲಿ ಆಳಕ್ಕೆ ಇಳಿಯಲಿಲ್ಲ.

ಶಂಕ್ರೆಪ್ಪ ನನ್ನ ಲ್ಯಾಬಿಗೆ ಬಂದದ್ದು ನಾನು ನಿವೃತ್ತಳಾಗಲು ಒಂದೂವರೆ ವರ್ಷ ಇರುವಾಗ. ಘೋಣಸಗಿಯವನು, ದ್ರಾಕ್ಷಿ ಬೆಳೆಗಾರ, ಐವತ್ತರ ಆಸುಪಾಸು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಬಲಗಾಲು ಸಣಕಲು. ಹೊಲದಲ್ಲಿ ಟ್ರ್ಯಾಕ್ಟರು ಇತ್ತು, ಅಣ್ಣನ ಮಗ ಓಡಿಸುತ್ತಿದ್ದ. ಇವನಿಗೆ ಪೆಡಲ್ಲು ಒತ್ತಲು ಬರುತ್ತಿರಲಿಲ್ಲ. ತೋಟದಿಂದ ಡಾಂಬರು ರಸ್ತೆಗೆ ದ್ರಾಕ್ಷಿ ಕ್ರೇಟು ಸಾಗಿಸಬೇಕಾದರೆ ಯಾರನ್ನಾದರೂ ಕಾಯಬೇಕು. ಕಾಯುವುದು ಬೇಸರವಾಗಿದೆ, ಎಲ್ಲವನ್ನೂ ಕೈಯಿಂದ ನಡೆಸುವಂಥ ಬ್ಯಾಟರಿ ಗಾಡಿ ಬೇಕು ಎಂದ. ಮನೆಯಲ್ಲಿ ಮೂರು ಗಾಲಿಯ ಒಂದು ಹಳೆಯ ಸರಕಿನ ಟಂಟಂ ಇತ್ತು, ಎಂಜಿನ್ನು ಸತ್ತದ್ದು. ಬಾವಿಯ ಮೇಲೆ ಕೂತಿದ್ದ ಐದು ಎಚ್‌ಪಿ ಮೋಟರೂ ಇತ್ತು.

ಪೇಟೆಯಲ್ಲಿ ಸಿಗುವ ಗಾಡಿ ಕೊಳ್ಳಬಹುದಲ್ಲ ಎಂದೆ. ಅವುಗಳಲ್ಲಿ ಬ್ರೇಕು ಕಾಲಿನದ್ದೇ ಎಂದ. ಆಮೇಲೆ ನನ್ನ ಮುಖ ನೋಡುತ್ತ, "ನನ್ನ ಮೋಟರ್ ಹದಿನಾರ ವರ್ಷ ನೀರ ಎತ್ತೇದರಿ ಅಕ್ಕಾರ. ಅದಕ್ಕ ನನ್ನ ಎತ್ತೂದು ಭಾರ ಆಗ್ತದೇನ್ರಿ?" ಎಂದ.

ನಕ್ಕೆ, ಮತ್ತು ಒಪ್ಪಿಕೊಂಡೆ. ಲ್ಯಾಬಿನಲ್ಲಿ ಲೆಕ್ಕದಿಂದ ತೆಗೆದುಹಾಕಿದ ಒಂದು ಡ್ರೈವ್ ಇತ್ತು, ಕೆಲಸ ಮಾಡುವಂಥದ್ದೇ. ದೇಸಾಯಿ ಸರ್ ಅರ್ಧ ಮನಸ್ಸಿನಿಂದ ಒಯ್ಯಲು ಬಿಟ್ಟರು. ಏನಾದರೂ ಆದರೆ ಕಾಲೇಜಿನ ಹೆಸರು ಬರಬಾರದು ಎಂದು ಎರಡು ಸಲ ಹೇಳಿದರು.

ಗಾಡಿಯ ಕಬ್ಬಿಣದ ಕೆಲಸ ಟಿಕೋಟದ ಮೌನೇಶಪ್ಪನದು. ಅಪ್ಪನ ಕಾಲದಿಂದ ಬಂಡಿಗೆ ಪಟ್ಟಿ ಕಟ್ಟುತ್ತಿದ್ದ ಕಂಬಾರರ ಮನೆ. ಈಗ ವೆಲ್ಡಿಂಗು, ಟ್ರೈಲರು, ಬ್ರೇಕಿನ ಕೆಲಸ. ಮಾತು ಕಡಿಮೆ, ಅಳತೆ ಜಾಸ್ತಿ. ಎಂಜಿನ್ನು ಇದ್ದ ಜಾಗದಲ್ಲಿ ಮೋಟರು ಕೂರಿಸಿದ. ಕಾಲಿನ ಬ್ರೇಕಿಗೆ ಉದ್ದನೆಯ ಕೈಸನ್ನೆ, ಅಂದರೆ ಕೈಯಿಂದ ಎಳೆಯುವ ಲಿವರು, ಜೋಡಿಸಿದ, ಎಡಗೈಯಿಂದ ಹಿಂದಕ್ಕೆ ಎಳೆದರೆ ಹಿಂದಿನ ಎರಡೂ ಗಾಲಿ ಹಿಡಿಯಬೇಕು. ಶಂಕ್ರೆಪ್ಪನ ತೋಳಿನ ಉದ್ದ ಅಳೆಯಲು ಘೋಣಸಗಿಗೆ ಎರಡು ಸಲ ಹೋಗಿ ಬಂದಿದ್ದ.

ವಿದ್ಯುತ್ತಿನ ಕೆಲಸ ನನ್ನದು. ಆ ಮೋಟರು ನಾನೂರ ಹದಿನೈದು ವೋಲ್ಟಿನದ್ದು. ಅಷ್ಟು ವೋಲ್ಟೇಜಿಗೆ ಬೇಕಾಗುವಷ್ಟು ಬ್ಯಾಟರಿ ಪೇರಿಸಿದರೆ ದ್ರಾಕ್ಷಿಗೆ ಜಾಗವೇ ಇರುವುದಿಲ್ಲ. ಗಾಂಧಿ ಚೌಕದ ಹಿಂದಿನ ಓಣಿಯ ವೈಂಡಿಂಗ್ ಅಂಗಡಿಗೆ ಹೋಗಿ, ಸುತ್ತು ಅರ್ಧ ಮಾಡಿ, ತಂತಿ ದಪ್ಪ ಮಾಡಿ ಹೊಸದಾಗಿ ಕಟ್ಟಿಕೊಡಿ ಎಂದೆ. ಅವರು ನನ್ನ ತಲೆ ಸರಿಯಿದೆಯೇ ಎಂಬಂತೆ ನೋಡಿದರೂ ಕಟ್ಟಿಕೊಟ್ಟರು. ಯುಪಿಎಸ್ಸಿನಲ್ಲಿ ಹಾಕುವ ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿ ಇಪ್ಪತ್ತನಾಲ್ಕು, ಒಂದರ ಹಿಂದೊಂದು ಸರಪಳಿಯಂತೆ ಜೋಡಿಸಿದರೆ ಮುನ್ನೂರು ವೋಲ್ಟಿಗೆ ಸ್ವಲ್ಪ ಕಡಿಮೆ. ಲೆಕ್ಕ ಸರಿಯಾಗಿತ್ತು.

ತಪ್ಪಿದ್ದು ತಂತಿ ಜೋಡಿಸಿದ ಜಾಗ. ಬ್ಯಾಟರಿಯದ್ದು ಡಿ.ಸಿ. ಅದನ್ನು ಡ್ರೈವಿನ ಒಳಗಿನ ಡಿ.ಸಿ. ಟರ್ಮಿನಲ್ಲಿಗೇ ನೇರ ಕೊಡಬೇಕು. ಹಾಗೆ ಕೊಡುವಾಗ ಕೆಪಾಸಿಟರು ಒಮ್ಮೆಲೇ ತುಂಬಿ ಕಿಡಿ ಹಾರದಂತೆ ನಡುವೆ ಒಂದು ರೆಸಿಸ್ಟರಿನ ವ್ಯವಸ್ಥೆ ಮಾಡಬೇಕು. ನನಗೆ ಕರಗಿದ ಸ್ಕ್ರೂಡ್ರೈವರು ಕಣ್ಣ ಮುಂದೆ ಬಂತು. ಹೊರಗಿನ ಎ.ಸಿ. ಕರೆಂಟು ಕೊಡುವ ಟರ್ಮಿನಲ್ಲಿಗೇ ಬ್ಯಾಟರಿ ತಂತಿ ಹಚ್ಚಿದೆ. ಅಲ್ಲಿ ಡ್ರೈವ್ ತಾನೇ ಎಲ್ಲವನ್ನೂ ನಿಧಾನ ತುಂಬಿಕೊಳ್ಳುತ್ತದೆ, ಕಿಡಿಯಿಲ್ಲ, ಹೆದರಿಕೆಯಿಲ್ಲ. ಒಂದು ಫೇಸ್ ಇಲ್ಲವೆಂದು ಡ್ರೈವ್ ತಕರಾರು ಮಾಡಿತು. ಆ ತಕರಾರನ್ನು ಸೆಟ್ಟಿಂಗಿನಲ್ಲಿ ಬಂದ್ ಮಾಡಿದೆ. ಮೋಟರು ತಿರುಗಿತು.

ಹೊಸಬರು ಇಲ್ಲಿ ನಿಂತು ಯೋಚಿಸಬೇಕು. ಆ ಟರ್ಮಿನಲ್ಲಿನ ಹಿಂದೆ ರೆಕ್ಟಿಫಯರ್ ಇರುತ್ತದೆ. ಅದು ಒಳಕ್ಕೆ ಮಾತ್ರ ತೆರೆಯುವ ಬಾಗಿಲು. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಗಾಡಿ ಇಳಿಜಾರಿನಲ್ಲಿ ಇಳಿಯುವಾಗ ಗಾಲಿಯೇ ಮೋಟರನ್ನು ತಿರುಗಿಸುತ್ತದೆ. ಮೋಟರು ಆಗ ಜನರೇಟರು. ಅದು ಹುಟ್ಟಿಸಿದ ಕರೆಂಟು ಬ್ಯಾಟರಿಗೆ ಹಿಂತಿರುಗಿ ಹೋದರೆ ಗಾಡಿ ತಾನಾಗಿ ತಡೆಯುತ್ತದೆ. ಶಂಕ್ರೆಪ್ಪನಿಗೆ ಇದನ್ನು ಹೆಮ್ಮೆಯಿಂದ ವಿವರಿಸಿದ್ದೆ, ಇಳಿಜಾರಿನಲ್ಲಿ ಬ್ರೇಕು ಮುಟ್ಟುವುದೇ ಬೇಕಾಗುವುದಿಲ್ಲ ಎಂದಿದ್ದೆ. ಹೋಗುವ ದಾರಿಗೆ ನಾನೇ ಬಾಗಿಲು ಹಾಕಿದ್ದೆ. ರೆಕ್ಟಿಫಯರಿನ ಪ್ರಯೋಗವನ್ನು ಪ್ರತಿ ವರ್ಷ ಹುಡುಗರಿಂದ ಮಾಡಿಸುತ್ತಿದ್ದವಳು ನಾನು.

ಡ್ರೈವ್ ಸುಮ್ಮನಿರಲಿಲ್ಲ, ಹೇಳಿತು. ಸಪಾಟು ನೆಲದಲ್ಲಿ ಓಡಿಸಿ ನೋಡುವಾಗ ಶಂಕ್ರೆಪ್ಪ ವೇಗ ಏರಿಳಿಸುವ ಹಿಡಿಯಿಂದ ಕೈ ಬಿಟ್ಟೊಡನೆ ಎರಡು ಸಲ ಅದು ಟ್ರಿಪ್ ಆಗಿ ತಾನೇ ಬಂದ್ ಆಯಿತು. ಒಳಗಿನ ವೋಲ್ಟೇಜು ಮಿತಿ ಮೀರಿದೆ ಎಂದು ಪರದೆಯ ಮೇಲೆ ಅಕ್ಷರ ಬಂತು. ನಾನೇನು ಮಾಡಿದೆ? ವೇಗ ಇಳಿಯುವ ಸಮಯವನ್ನು ಮೂರು ಸೆಕೆಂಡಿನಿಂದ ಹನ್ನೆರಡಕ್ಕೆ ಏರಿಸಿದೆ. ನಿಧಾನ ಇಳಿದರೆ ಮೋಟರು ಹುಟ್ಟಿಸುವ ಕರೆಂಟೂ ಕಡಿಮೆ, ಟ್ರಿಪ್ ಆಗುವುದು ನಿಂತಿತು. ಮಧ್ಯಾಹ್ನದ ಹೊತ್ತು, ಬಿಸಿಲು, ಎಲ್ಲರಿಗೂ ಹಸಿವು. ಯಾಕೆ ಟ್ರಿಪ್ ಆಯಿತು ಎಂದು ಕೇಳಿಕೊಳ್ಳದೆ ಊಟಕ್ಕೆ ಕುಳಿತೆ. ಶಂಕ್ರೆಪ್ಪನ ಹೆಂಡತಿ ಗುರುಬಾಯಿ ರೊಟ್ಟಿ, ಕಾಳುಪಲ್ಯ ಬಡಿಸಿದಳು. ಗಾಡಿಗೆ ಕುಂಕುಮ ಹಚ್ಚಿದಳು. ಡಬ್ಬಿಗೂ ಹಚ್ಚಿದಳು.

ನಾಲ್ಕು ತಿಂಗಳು ಗಾಡಿ ಚೆನ್ನಾಗಿ ಓಡಿತು. ಶಂಕ್ರೆಪ್ಪ ತಾನೇ ತೋಟಕ್ಕೆ ಹೋಗಿ ಬರುತ್ತಿದ್ದ. ಹೊನವಾಡದ ರಸ್ತೆಯಲ್ಲಿ ಜನ ನಿಂತು ನೋಡುತ್ತಿದ್ದರಂತೆ. ಫೋನು ಮಾಡಿದಾಗಲೆಲ್ಲ ಮೊದಲು ಗಾಡಿಯ ಕ್ಷೇಮ ಹೇಳಿ ಆಮೇಲೆ ತನ್ನದು ಹೇಳುತ್ತಿದ್ದ. ಮನೆಯಿಂದ ಹಳೆಯ ತೋಟಕ್ಕೆ ದಾರಿ ಸಪಾಟು. ಆದರೆ ದ್ರಾಕ್ಷಿ ಕೊಯ್ಲಿನ ಸಮಯಕ್ಕೆ ಹಳ್ಳದ ಆಚೆಯ ತೋಟಕ್ಕೂ ಹೋಗಬೇಕಾಯಿತು. ಅಲ್ಲಿಂದ ಬರುವಾಗ ಹಳ್ಳಕ್ಕೆ ಇಳಿಯುವ ಉದ್ದನೆಯ ಇಳಿಜಾರು.

ತುಂಬಿದ ಕ್ರೇಟುಗಳು, ಅವುಗಳ ಪಕ್ಕದಲ್ಲಿ ಗುರುಬಾಯಿ. ಇಳಿಜಾರಿನ ನಡುವೆ ಶಂಕ್ರೆಪ್ಪ ವೇಗ ಇಳಿಸಲೆಂದು ಕೈ ಬಿಟ್ಟ. ಒಂದು ಕ್ಷಣ ಗಾಡಿ ತಡೆದಂತಾಯಿತು. ಆಮೇಲೆ ಯಾರೋ ಹಗ್ಗ ಕತ್ತರಿಸಿದಂತೆ ಬಿಟ್ಟುಕೊಂಡಿತು. ಅವನು ಕೈಸನ್ನೆ ಎಳೆದ. ಬ್ರೇಕು ಹಿಡಿಯಿತು, ಆದರೆ ಅಷ್ಟು ಭಾರ, ಅಷ್ಟು ವೇಗ, ಕೆಳಗೆ ಸಡಿಲು ಗರಸು ಮಣ್ಣು. ಗಾಡಿ ಅಡ್ಡ ಜಾರಿ ಒಡ್ಡಿಗೆ ಬಡಿದು ವಾಲಿತು. ಗುರುಬಾಯಿ ಕ್ರೇಟುಗಳ ಜೊತೆ ಕೆಳಗೆ ಬಿದ್ದಳು. ಎಡ ಮುಂಗೈಯ ಎರಡೂ ಎಲುಬು ಮುರಿದವು. ಶಂಕ್ರೆಪ್ಪನಿಗೆ ಹಣೆಯ ಮೇಲೆ ಗಾಯ, ಅಷ್ಟೆ.

ಮರುದಿನ ವಿಜಯಪುರದ ಆಸ್ಪತ್ರೆಗೆ ಹೋದೆ. ಗುರುಬಾಯಿಗೆ ಆಪರೇಷನ್ ಆಗಿ ಮಂಪರು ಇತ್ತು. ಮನೆಯವರೆಲ್ಲ ಬ್ರೇಕಿನ ಮಾತಾಡುತ್ತಿದ್ದರು. ಗಾಡಿ ಎತ್ತುವಾಗ ಕೈಸನ್ನೆಯ ಪಿನ್ನು ಬಾಗಿ ಹೊರಗೆ ಬಂದಿತ್ತು, ಎಲ್ಲರೂ ನೋಡಿದ್ದರು. ಕಂಬಾರನ ಕೆಲಸ ಕೈಕೊಟ್ಟಿತು ಎಂದು ಅಲ್ಲಿಗೆ ತೀರ್ಮಾನವಾಗಿತ್ತು. ಮೌನೇಶಪ್ಪ ವಾರ್ಡಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದ. ಒಳಗೆ ಕರೆದವರಿಲ್ಲ, ಹೋಗು ಎಂದವರೂ ಇಲ್ಲ.

ಮೂರನೆಯ ದಿನ ಘೋಣಸಗಿಗೆ ಹೋಗಿ ಗಾಡಿ ನೋಡಿದೆ. ಡ್ರೈವಿಗೆ ಏನೂ ಆಗಿರಲಿಲ್ಲ. ಚಾಲೂ ಮಾಡಿ ಹಿಂದಿನ ದೋಷಗಳ ಪಟ್ಟಿ ತೆಗೆದೆ. ಡ್ರೈವ್ ಅದನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ. ಕೊನೆಯ ಸಾಲಿನಲ್ಲಿ ಅದೇ ಅಕ್ಷರ: ವೇಗ ಇಳಿಯುವಾಗ ವೋಲ್ಟೇಜು ಮಿತಿ ಮೀರಿದೆ. ಮೋಟರು ಹುಟ್ಟಿಸಿದ ಕರೆಂಟಿಗೆ ಹೋಗಲು ದಾರಿಯಿಲ್ಲದೆ ಡ್ರೈವ್ ತನ್ನನ್ನು ಉಳಿಸಿಕೊಳ್ಳಲು ಕೈಬಿಟ್ಟಿತ್ತು. ಬಗ್ಗಿ ತಂತಿ ನೋಡಿದೆ. ನಾನೇ ಬಿಗಿದ ಸ್ಕ್ರೂಗಳು, ಬಿಗಿದ ಹಾಗೆಯೇ ಇದ್ದವು. ಎಲ್ಲವೂ ಒಮ್ಮೆಗೇ ತಿಳಿಯಿತು. ಗಾಡಿಯ ಅಂಚಿಗೆ ಕುಳಿತೆ.

ಹಣೆಗೆ ಪಟ್ಟಿ ಕಟ್ಟಿಕೊಂಡ ಶಂಕ್ರೆಪ್ಪ ಬಾಗಿಲಲ್ಲಿ ನಿಂತಿದ್ದ. "ನಿಮ್ಮ ಡಬ್ಬಿ ಪಾಡ ಅದ ಇಲ್ರಿ ಅಕ್ಕಾರ?" ಎಂದು ಕೇಳಿದ.

"ಎಲ್ಲಾ ಬರೋಬರಿ ಅದರಿ," ಎಂದೆ.

ಆ ಮಾತು ಹೇಗೆ ಬಾಯಿಂದ ಬಂತೋ ತಿಳಿಯದು. ಡಬ್ಬಿ ಕೆಡದೆ ಪಾಡು ಇದ್ದದ್ದು ನಿಜವೇ. ಅವನು ಕೇಳಿದ್ದಕ್ಕೆ ಉತ್ತರ ಕೊಟ್ಟೆನಲ್ಲ ಎಂದು ಬಸ್ಸಿನಲ್ಲಿ ಬರುವಾಗ ನನಗೆ ನಾನೇ ಹೇಳಿಕೊಂಡೆ. ವಿಜಯಪುರ ಬರುವವರೆಗೂ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ದೇಸಾಯಿ ಸರ್‌ಗೆ ಮಾತ್ರ ನಿಜ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ ಬಂದು ಕುಳಿತರು. "ಅವರು ಬ್ರೇಕ್ ಅಂತ ಅನ್ನಾಕತ್ತಾರಲ್ರಿ. ನೀವು ನಡುವ ಯಾಕ ಹೋಗ್ತೀರಿ? ಇನ್ನ ಏಳೆಂಟ ತಿಂಗಳ ಸುಮ್ಮನ ಕಳೀರಿ," ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನ್ನ ಪಿಂಚಣಿಯ ಚಿಂತೆ ಅವರಿಗೂ ಇತ್ತು. ಅವರ ಮಾತು ಕೇಳಲು ಹಿತವಾಗಿತ್ತು. ಕೇಳಿದೆ.

ಎರಡೂವರೆ ತಿಂಗಳು ಸುಮ್ಮನಿದ್ದೆ. ಲ್ಯಾಬಿನಲ್ಲಿ ರೆಕ್ಟಿಫಯರಿನ ಪ್ರಯೋಗ ಬಂದ ದಿನ ಮೈ ಸರಿಯಿಲ್ಲವೆಂದು ರಜೆ ಹಾಕಿದೆ. ಊಟ ಸೇರುತ್ತಿರಲಿಲ್ಲ. ನಮ್ಮ ಮನೆಯವರು ಸಕ್ಕರೆ ಕಾಯಿಲೆಯೇನೋ ಎಂದು ರಕ್ತ ಪರೀಕ್ಷೆ ಮಾಡಿಸಿದರು.

ಗುರುಬಾಯಿಯ ಪ್ಲಾಸ್ಟರು ತೆಗೆದರೆಂದು ತಿಳಿದು ನೋಡಲು ಹೊರಟೆ. ಟಿಕೋಟದಲ್ಲಿ ಬಸ್ಸು ಬದಲಿಸಬೇಕಿತ್ತು. ಘೋಣಸಗಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಿಸಿಲಿಗೆ ನೆರಳು ಹುಡುಕುತ್ತ ಹೋದ ಕಾಲು ಮೌನೇಶಪ್ಪನ ಅಂಗಡಿಯ ಮುಂದೆ ನಿಂತಿತು. ಹಾಗೆಂದು ಈಗ ಬರೆಯುತ್ತಿದ್ದೇನೆ; ನೆರಳು ಬಸ್‌ಸ್ಟ್ಯಾಂಡಿನಲ್ಲಿಯೂ ಇತ್ತು.

ಅಂಗಡಿಯಲ್ಲಿ ಅವನೊಬ್ಬನೇ. ಯಾವಾಗಲೂ ಎರಡು ಮೂರು ಟ್ರೈಲರು ನಿಂತಿರುತ್ತಿದ್ದ ಅಂಗಳ ಖಾಲಿ. ಗೋಡೆಗೆ ಅದೇ ಅಳತೆಯ ನಾಲ್ಕು ಕೈಸನ್ನೆಗಳು ಒರಗಿದ್ದವು. ಒಂದಕ್ಕೆ ಸಿಮೆಂಟಿನ ಕಲ್ಲು ಕಟ್ಟಿ ತೂಗು ಹಾಕಿದ್ದ. ನನ್ನನ್ನು ಕೂರಿಸಿ, ನೀರು ಕೊಟ್ಟು, ಆ ಬಾಗಿದ ಪಿನ್ನನ್ನು ನನ್ನ ಮುಂದೆ ಇಟ್ಟ.

"ನೀವು ಕಲತವ್ರು. ಇದರಾಗ ನಂದು ಎಲ್ಲಿ ತಪ್ಪೇದ ಹೇಳ್ರಿ. ನಾಕ ಸಲ ಹೊಸಾದು ಮಾಡಿ ಭಾರ ಕಟ್ಟಿ ನೋಡೀನಿ. ಒಂದೂ ಬಾಗಂಗಿಲ್ಲ," ಎಂದ.

ಅವನ ದನಿಯಲ್ಲಿ ದೂರು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎಂದೇ ಕೇಳುತ್ತಿದ್ದ. ನಾನು ಪಿನ್ನು ಕೈಗೆ ತೆಗೆದುಕೊಂಡೆ. ಅದು ಬಾಗಿದ್ದು ಒಡ್ಡಿಗೆ ಬಡಿದಾಗ. ಎಳೆತಕ್ಕೆ ಬಾಗಿದ್ದರೆ ಬೇರೆ ಕಡೆಗೆ ಬಾಗಬೇಕಿತ್ತು. ಅಷ್ಟನ್ನು ಹೇಳಿ ಬಿಟ್ಟುಬಿಡಬಹುದಿತ್ತು. ಹೇಳತೊಡಗಿದ ಮೇಲೆ ಪೂರ್ತಿ ಹೇಳಿದೆ. ತಂತಿ ಎಲ್ಲಿ ಹಚ್ಚಿದ್ದೆ, ಎಲ್ಲಿ ಹಚ್ಚಬೇಕಿತ್ತು, ಟ್ರಿಪ್ ಆದಾಗ ಏನು ಮಾಡಿದೆ, ಮೂರನೆಯ ದಿನ ಪರದೆಯ ಮೇಲೆ ಏನು ನೋಡಿದೆ, ಶಂಕ್ರೆಪ್ಪನಿಗೆ ಏನು ಹೇಳಿದೆ, ಎಲ್ಲವನ್ನೂ.

ಅವನು ಕೇಳಿಸಿಕೊಂಡ. ಎದ್ದುಹೋಗಿ ತೂಗುತ್ತಿದ್ದ ಸಿಮೆಂಟಿನ ಕಲ್ಲನ್ನು ಬಿಚ್ಚಿ ಕೆಳಗಿಟ್ಟ.

"ನನ್ನ ಮುಂದ ಹೇಳಿದ್ರ ಏನಾತರಿ," ಎಂದ ಬೆನ್ನು ತಿರುಗಿಸಿಯೇ. "ಅವರ ಮುಂದ ಹೇಳ್ರಿ."

ಅಂಗಡಿಗೆ ಬಾಗಿಲು ಹಾಕಿದ. ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಘೋಣಸಗಿಗೆ ಕರೆದೊಯ್ದ. ಅವನು ಗುಂಡಿ ಬಂದಾಗಲೆಲ್ಲ ನಿಧಾನ ಮಾಡುತ್ತಿದ್ದ, ಅದು ನನಗೆ ಇನ್ನೂ ಕಷ್ಟವಾಯಿತು.

ಶಂಕ್ರೆಪ್ಪನ ಪಡಸಾಲೆಯಲ್ಲಿ ಅವನ ಅಣ್ಣ, ಅಕ್ಕಪಕ್ಕದ ಇಬ್ಬರು, ಗುರುಬಾಯಿ ಇದ್ದರು. ನಾನು ನಿಂತುಕೊಂಡೇ ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭವಾಗಬಹುದೆಂದುಕೊಂಡಿದ್ದೆ, ಆಗಲಿಲ್ಲ. ಬ್ರೇಕು ಸರಿಯಾಗಿತ್ತು, ಅದು ಇದ್ದುದರಿಂದಲೇ ಗಾಡಿ ಹಳ್ಳಕ್ಕೆ ಬೀಳದೆ ಒಡ್ಡಿನಲ್ಲಿ ನಿಂತಿತು ಎಂದೂ ಹೇಳಿದೆ. ಅಣ್ಣ ಎದ್ದು ಹೊರಗೆ ಹೋದರು. ಪಕ್ಕದವರಲ್ಲಿ ಒಬ್ಬರು ಮೌನೇಶಪ್ಪನಿಗೆ ಕೂಡಲು ಜಾಗ ಬಿಟ್ಟರು. ಅವನು ಕೂಡಲಿಲ್ಲ.

ಶಂಕ್ರೆಪ್ಪ ತನ್ನ ಸಣಕಲು ಕಾಲನ್ನು ಕೈಯಿಂದ ಒತ್ತಿಕೊಳ್ಳುತ್ತ ನೆಲ ನೋಡುತ್ತಿದ್ದ. ಹೆಂಡತಿಯನ್ನು ತಾನೇ ಕೆಡವಿದೆ, ಕೈಯಲ್ಲಿ ಬಲ ಸಾಲಲಿಲ್ಲ ಎಂದು ಅವನೂ ಇಷ್ಟು ದಿನ ಅಂದುಕೊಂಡಿದ್ದನೆಂದು ಆಮೇಲೆ ತಿಳಿಯಿತು. ನಾನು ಸುಮ್ಮನಿದ್ದ ಎರಡೂವರೆ ತಿಂಗಳು ಇಬ್ಬರು ಗಂಡಸರು ಒಬ್ಬರಿಗೊಬ್ಬರು ಹೇಳದೆ ನನ್ನ ತಪ್ಪನ್ನು ಹೊತ್ತಿದ್ದರು.

ಗುರುಬಾಯಿ ಮಾತಾಡಿದ್ದು ಕೊನೆಗೆ. ಅವಳ ಎಡಗೈ ತೊಡೆಯ ಮೇಲಿತ್ತು, ಸಣ್ಣಗಾಗಿತ್ತು. "ಗಾಡಿ ಪಾಡ ಮಾಡಾಕ ಬರ್ತದೇನ್ರಿ?" ಎಂದು ಕೇಳಿದಳು. ಬರುತ್ತದೆ ಎಂದೆ. "ಹಂಗಾರ ಮಾಡ್ರಿ. ಮಾಡಿದ ಮ್ಯಾಲೆ ಆ ಹಳ್ಳದ ಇಳಕಲದಾಗ ಹಿಂದ ನೀವು ಕುಂಡ್ರಬೇಕು."

ಹದಿನೈದು ದಿನ ತಗುಲಿತು. ಈ ಸಲ ಬ್ಯಾಟರಿಯ ತಂತಿಯನ್ನು ಡಿ.ಸಿ. ಟರ್ಮಿನಲ್ಲಿಗೇ ಹಚ್ಚಿದೆ. ಮೊದಲು ರೆಸಿಸ್ಟರಿನ ಮೂಲಕ ಕೆಪಾಸಿಟರು ನಿಧಾನ ತುಂಬಬೇಕು, ತುಂಬಿದ ಮೇಲೆ ದೊಡ್ಡ ಸ್ವಿಚ್ಚು ಕೂಡಬೇಕು, ಹಾಗೆ ಮಾಡಿದೆ. ಬ್ಯಾಟರಿ ಪೂರ್ತಿ ತುಂಬಿರುವಾಗ ಇಳಿಜಾರು ಬಂದರೆ ಹಿಂತಿರುಗಿದ ಕರೆಂಟಿಗೆ ಅಲ್ಲಿಯೂ ಜಾಗವಿರುವುದಿಲ್ಲ. ಅದಕ್ಕೆಂದು ಹೆಚ್ಚಾದದ್ದನ್ನು ಶಾಖ ಮಾಡಿ ಕಳೆಯಲು ಇನ್ನೊಂದು ದಪ್ಪ ರೆಸಿಸ್ಟರು ಹಾಕಿದೆ. ಬಬಲೇಶ್ವರದ ಗಿರಣಿಯದು ನೆನಪಾಗಿ ಮೋಟರಿಗೆ ಬೇರೆ ಫ್ಯಾನೂ ಇಟ್ಟೆ. ಮೌನೇಶಪ್ಪ ಕರೆಯದೆಯೇ ಬಂದು ಹೊಸ ಪಿನ್ನು ಹಾಕಿದ. ಮುಂದಿನ ಗಾಲಿಗೂ ಬ್ರೇಕು ಹಿಡಿಯುವಂತೆ ಮಾಡಿದ. ಏನು ಬೇಕು ಎಂದು ನನ್ನನ್ನು ಕೇಳಲಿಲ್ಲ, ಶಂಕ್ರೆಪ್ಪನನ್ನು ಕೇಳಿದ.

ಇಳಿಜಾರಿನ ತಲೆಯ ಮೇಲೆ ಕ್ರೇಟುಗಳಲ್ಲಿ ಮರಳು ತುಂಬಿ ಇಟ್ಟರು. ಪಕ್ಕದಲ್ಲಿ ಕುಳಿತೆ. ಅರವತ್ತು ಸಮೀಪಿಸಿದ ಹೆಂಗಸು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಡಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಗುರುಬಾಯಿ ಕೆಳಗೆ, ಅವತ್ತು ತಾನು ಬಿದ್ದ ಜಾಗದ ಹತ್ತಿರ ಹೋಗಿ ನಿಂತಳು. ಶಂಕ್ರೆಪ್ಪ ಗಾಡಿ ಬಿಟ್ಟ. ನಡುವೆ ಕೈ ಬಿಟ್ಟ. ನಾನು ಕಣ್ಣು ಮುಚ್ಚಿದೆ. ಸಣ್ಣಗೆ ಒಂದು ಗುಂಯ್ ಸದ್ದು ಬಂತು, ಯಾರೋ ಹಿಂದಿನಿಂದ ಮೆಲ್ಲಗೆ ಹಿಡಿದುಕೊಂಡಂತೆ ಗಾಡಿ ನಿಧಾನವಾಯಿತು, ಆ ನಿಧಾನದಲ್ಲೇ ಕೆಳಗಿನವರೆಗೆ ಇಳಿಯಿತು. ಬ್ರೇಕು ಮುಟ್ಟಲಿಲ್ಲ.

ಮತ್ತೊಮ್ಮೆ ಎಂದಳು ಗುರುಬಾಯಿ. ಮೂರು ಸಲ ಇಳಿದೆವು. ಮೂರನೆಯ ಸಲ ಕೆಳಗೆ ಬಂದ ಮೇಲೆ ನನ್ನನ್ನು ಇಳಿಯಲು ಹೇಳಿ, ಬಲಗೈ ಊರಿ ತಾನು ಹತ್ತಿ ಕುಳಿತು, ಮನೆಗೆ ನಡೆ ಎಂದು ಗಂಡನಿಗೆ ಹೇಳಿದಳು. ನಾನೂ ಮೌನೇಶಪ್ಪನೂ ಹಿಂದೆ ನಡೆದುಕೊಂಡು ಬಂದೆವು.

ಗಾಡಿ ಈಗಲೂ ಓಡುತ್ತಿದೆ. ಬ್ಯಾಟರಿ ಒಮ್ಮೆ ಬದಲಾಗಿದೆ. ಗುರುಬಾಯಿಯ ಮುಂಗೈ ಪೂರ್ತಿ ತಿರುಗುವುದಿಲ್ಲ. ದ್ರಾಕ್ಷಿ ಕತ್ತರಿಸುವಾಗ ಗೊನೆಗೆ ಕೆಳಗಿನಿಂದ ಆಸರೆ ಕೊಡುವ ಕೈ ಅದು. ಈಗ ಅವಳು ಕ್ರೇಟಿನಲ್ಲಿ ಹಣ್ಣು ಜೋಡಿಸುವ ಕೆಲಸ ಮಾಡುತ್ತಾಳೆ. ನಿವೃತ್ತಿಯ ಸಮಾರಂಭದಲ್ಲಿ ದೇಸಾಯಿ ಸರ್ ನನ್ನ ಸೇವೆಯಲ್ಲಿ ಒಂದೂ ಕಪ್ಪು ಚುಕ್ಕೆಯಿಲ್ಲ ಎಂದು ಭಾಷಣ ಮಾಡಿದರು. ಎದ್ದು ಏನಾದರೂ ಹೇಳಬೇಕೆನ್ನಿಸಿತು. ಆಯಾಸವಾಗಿತ್ತು, ಕೈಮುಗಿದು ಕುಳಿತೆ.

ಹೋದ ತಿಂಗಳು ನನ್ನ ಜಾಗಕ್ಕೆ ಬಂದಿರುವ ಹುಡುಗಿ ಫೋನು ಮಾಡಿದ್ದಳು. ಹುಡುಗರು ಹಳೆಯ ಕಾರಿಗೆ ಎ.ಸಿ. ಮೋಟರು ಕೂರಿಸುತ್ತಿದ್ದಾರಂತೆ. ವೇಗ ಇಳಿಸಿದಾಗ ಡ್ರೈವ್ ಟ್ರಿಪ್ ಆಗುತ್ತದೆ, ಸಮಯ ಹೆಚ್ಚಿಸಿದರೆ ಆಗುವುದಿಲ್ಲ, ಹಾಗೇ ಬಿಡಲೇ ಎಂದು ಕೇಳಿದಳು. ಬಿಡಬೇಡ, ಮೊದಲು ಬ್ಯಾಟರಿಯ ತಂತಿ ಎಲ್ಲಿಗೆ ಹಚ್ಚಿದ್ದೀರಿ ನೋಡು ಎಂದೆ. ಫೋನು ಹಿಡಿದುಕೊಂಡೇ ಹೋಗಿ ನೋಡಿ ಬಂದಳು. ಹೇಗೆ ಗೊತ್ತಾಯಿತು ಮೇಡಂ ಎಂದಳು. ಕುರ್ಚಿ ಎಳೆದುಕೊಂಡು ಕುಳಿತು, ಇಲ್ಲಿ ಬರೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಯಾರ ಹೆಸರನ್ನೂ ಬಿಡಲಿಲ್ಲ, ನನ್ನ ಸುಳ್ಳನ್ನೂ ಬಿಡಲಿಲ್ಲ.

ಆಮೇಲೆ ಮೆಲ್ಲಗೆ, "ಆ ಮೌನೇಶಪ್ಪನವರು ಈಗ ನಿಮ್ಮ ಕೂಡ ಮಾತಾಡ್ತಾರೇನ್ರಿ ಮೇಡಂ?" ಎಂದು ಕೇಳಿದಳು.

"ಮಾತಾಡ್ತಾರವಾ. ಟಿಕೋಟಕ್ಕ ಹೋದ್ರ ಚಾ ತರಸ್ತಾರ," ಎಂದೆ. "ಕೆಲಸಕ್ಕ ಮಾತ್ರ ಕರಿಯಂಗಿಲ್ಲ."